ಮಗುವಿನ ಫಿಟ್ಸ್ ಔಷಧಿ ಮತ್ತು ರಕ್ತ: ಯಾವುದರಲ್ಲಿ ಏನನ್ನು, ಯಾವಾಗ ನೋಡಬೇಕು

ಕಳೆದ ತಿಂಗಳು ನವಿ ಮುಂಬಯಿಯ ವಾಶಿಯಿಂದ ಒಬ್ಬ ತಾಯಿ ಫೋನ್ ಮಾಡಿದರು. ಗದಗದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಐದು ವರ್ಷದ ಮಗನಿಗೆ ಎರಡು ಸಲ ಫಿಟ್ಸ್ ಬಂದಿತ್ತು. ಡಾಕ್ಟರು ಮೂರು ಔಷಧಿಯ ಹೆಸರು ಬರೆದುಕೊಟ್ಟು, ಮುಂದಿನ ವಾರ ಮಾತಾಡಿ ಒಂದನ್ನು ಶುರು ಮಾಡೋಣ ಎಂದಿದ್ದರಂತೆ. ಈಕೆ ರಾತ್ರಿಯೆಲ್ಲ ಮೊಬೈಲಿನಲ್ಲಿ ಓದಿದ್ದಾರೆ. ಒಂದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಇನ್ನೊಂದರಲ್ಲಿ ಬಿಳಿ ರಕ್ತಕಣ ಇಳಿಯುತ್ತದೆ, ಮತ್ತೊಂದರಲ್ಲಿ ಚರ್ಮವೇ ಸುಲಿಯುತ್ತದೆ. ‘ಅಕ್ಕಾ, ಇದರಾಗ ಯಾವುದು ಛಲೋ ಅದ ಹೇಳ್ರಿ’ ಅಂದರು. ಧ್ವನಿ ನಡುಗುತ್ತಿತ್ತು.

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಆರನೇ ವಯಸ್ಸಿನಿಂದ ಔಷಧಿ ತೆಗೆದುಕೊಳ್ಳುತ್ತಿದ್ದಾನೆ. ನಾವು ಕುಂದಾಪುರದವರು, ಡೊಂಬಿವಲಿಯಲ್ಲಿ ಮನೆ. ಪರೇಲಿನ ಆಸ್ಪತ್ರೆಗೆ ಲೋಕಲ್ ಟ್ರೇನಿನಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ನಾನು ಡಾಕ್ಟರಲ್ಲ. ಔಷಧಿ ಆರಿಸುವುದು ಡಾಕ್ಟರ ಕೆಲಸ. ಆದರೆ ಆಯ್ಕೆಯ ಮಾತು ನಡೆಯುವಾಗ ಅಪ್ಪ ಅಮ್ಮ ಸುಮ್ನೆ ಕೂರಬಾರದು ಅಂತ ನನಗೆ ಅನಿಸುತ್ತದೆ. ಯಾಕೆಂದರೆ ಮಗುವಿನ ಮೈ ಬಲ್ಲವರು ನಾವು. ಕೆಟ್ಟ ಪರಿಣಾಮ ಬಂದರೆ ಮೊದಲು ಕಾಣುವುದೂ ನಮ್ಮ ಕಣ್ಣಿಗೇ.

ಆಕೆಗೆ ನಾನು ಹೇಳಿದ್ದು ಇಷ್ಟು. ಯಾವುದು ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಪ್ರತಿ ಔಷಧಿಯ ಬಗ್ಗೆ ಮೂರು ಪ್ರಶ್ನೆ ಕೇಳಿ: ಇದು ಏನನ್ನು ಕೆಡಿಸಬಹುದು? ಎಷ್ಟನೇ ವಾರದಲ್ಲಿ? ಅದು ಮೊದಲು ಮೈಮೇಲೆ ಹೇಗೆ ಕಾಣುತ್ತದೆ? ಕೆಲವು ಮೊದಲ ಎರಡು ತಿಂಗಳಲ್ಲಿ ಹೆದರಿಸಿ ಆಮೇಲೆ ಸುಮ್ಮನಾಗುತ್ತವೆ. ಕೆಲವು ಡೋಸ್ ಏರಿದಾಗ ಮಾತ್ರ ತೊಂದರೆ ಕೊಡುತ್ತವೆ. ಈ ವ್ಯತ್ಯಾಸ ತಿಳಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಫಿಟ್ಸ್ ಯಾವ ಬಗೆಯದು ಅನ್ನುವುದರ ಮೇಲೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಟ್ಟಿರುತ್ತದೆ. ಮೆದುಳಿನ ಒಂದು ಭಾಗದಿಂದ ಶುರುವಾಗುವ ಫಿಟ್ಸ್‌ಗೆ ಕಾರ್ಬಮಜೆಪಿನ್ ಒಳ್ಳೆಯ ಔಷಧಿ. ಅದನ್ನೇ ಕ್ಷಣಕಾಲ ಮಂಕಾಗಿ ನೋಡುತ್ತಾ ನಿಲ್ಲುವ ಆಬ್ಸೆನ್ಸ್ ಮಗುವಿಗೆ ಕೊಟ್ಟರೆ ಫಿಟ್ಸ್ ಜಾಸ್ತಿಯಾಗಬಹುದು. ಹಾಗಾಗಿ ಪಕ್ಕದ ಮನೆಯ ಮಗುವಿಗೆ ಹಿಡಿಸಿದ ಔಷಧಿ ನಿಮ್ಮ ಮಗುವಿಗೆ ಯಾಕಿಲ್ಲ ಅಂತ ಕೊರಗಬೇಡಿ.

ರಿಪೋರ್ಟಿನಲ್ಲಿ ಎರಡು ಸಾಲು

ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆಯ ರಿಪೋರ್ಟಿನಲ್ಲಿ ಇಪ್ಪತ್ತು ಸಾಲು ಇರುತ್ತವೆ. ನಮ್ಮಂಥವರು ಓದಲು ಕಲಿಯಬೇಕಾದದ್ದು ಮುಖ್ಯವಾಗಿ ಎರಡು.

ಒಂದು, ಪ್ಲೇಟ್‌ಲೆಟ್. ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ. ರಕ್ತ ಹೆಪ್ಪುಗಟ್ಟಲು ಬೇಕಾದ ಕಣ.

ಎರಡು, ನ್ಯೂಟ್ರೋಫಿಲ್. ಬ್ಯಾಕ್ಟೀರಿಯಾ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ. ಇಲ್ಲಿ ಎಷ್ಟೋ ಜನ ಶೇಕಡಾವಾರು ನೋಡಿ ಗಾಬರಿಯಾಗುತ್ತಾರೆ. ಲೆಕ್ಕ ಹೀಗೆ ಮಾಡಬೇಕು: ಒಟ್ಟು ಬಿಳಿ ರಕ್ತಕಣ 3,800, ನ್ಯೂಟ್ರೋಫಿಲ್ 32 ಶೇಕಡಾ ಅಂತ ಇದ್ದರೆ, 3,800ರಲ್ಲಿ 32 ಶೇಕಡಾ ಅಂದರೆ 1,216. 1,500ಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ ಇಳಿದಿದೆ ಅಂತ ಅರ್ಥ. 1,000ಕ್ಕಿಂತ ಕೆಳಗೆ ಬಂದರೆ ಡಾಕ್ಟರು ಬಿಗಿಯಾಗಿ ನೋಡುತ್ತಾರೆ. 500ಕ್ಕಿಂತ ಕೆಳಗೆ ಇದ್ದು ಜ್ವರವೂ ಬಂದರೆ ರಾತ್ರಿ ಎಷ್ಟೇ ಗಂಟೆಯಾಗಿದ್ದರೂ ಆಸ್ಪತ್ರೆಗೆ ಓಡಬೇಕು. ಒಂದು ವೈರಲ್ ಜ್ವರ ಬಂದು ಹೋದರೂ ಮಕ್ಕಳಲ್ಲಿ ಈ ಸಂಖ್ಯೆ ಕೆಲವು ದಿನ ಇಳಿದಿರುತ್ತದೆ. ಹಾಗಾಗಿ ಒಂದು ರಿಪೋರ್ಟ್ ನೋಡಿ ಔಷಧಿಯ ಮೇಲೆ ತಪ್ಪು ಹೊರಿಸುವಂತಿಲ್ಲ. ಸಾಮಾನ್ಯವಾಗಿ ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುತ್ತಾರೆ.

ಇದೆಲ್ಲಕ್ಕಿಂತ ಮುಖ್ಯವಾದ ರಿಪೋರ್ಟ್ ಔಷಧಿ ಶುರು ಮಾಡುವ ಮುಂಚಿನದು. ಅದೊಂದು ಇಲ್ಲದಿದ್ದರೆ ಆಮೇಲಿನ ಯಾವ ಸಂಖ್ಯೆಯನ್ನೂ ಯಾವುದಕ್ಕೂ ಹೋಲಿಸಲು ಆಗುವುದಿಲ್ಲ. ಮೊದಲ ಡೋಸ್‌ಗೆ ಮುಂಚೆ ಸಿಬಿಸಿ ಮತ್ತು ಲಿವರ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಆ ಹಾಳೆಯನ್ನು ಕೇಸ್ ಪೇಪರಿನ ಎಲ್ಲಕ್ಕಿಂತ ಮೇಲೆ ಇಡಿ.

ವಾಲ್‌ಪ್ರೊಯೇಟ್: ಪ್ಲೇಟ್‌ಲೆಟ್ ಮೇಲೆ ಕಣ್ಣು

ನಮ್ಮ ಮನೆಯ ಔಷಧಿ ಇದೇ. ಮೆಡಿಕಲ್ ಅಂಗಡಿಯಲ್ಲಿ ವಾಲ್‌ಪಾರಿನ್, ಎನ್‌ಕೊರೇಟ್ ಅಂತೆಲ್ಲ ಸಿಗುತ್ತದೆ. ಹಲವು ಬಗೆಯ ಫಿಟ್ಸ್‌ಗೆ ಒಗ್ಗುತ್ತದೆ, ಅದೇ ಇದರ ದೊಡ್ಡ ಬಲ. ರಕ್ತದ ವಿಷಯದಲ್ಲಿ ಇದರ ಗುಣ ಏನೆಂದರೆ, ಡೋಸ್ ಏರಿದಂತೆ ಪ್ಲೇಟ್‌ಲೆಟ್ ಇಳಿಯಬಹುದು. ಡೋಸ್ ಇಳಿಸಿದರೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ಅಲರ್ಜಿಯ ಹಾಗೆ ಒಮ್ಮೆಲೇ ಎರಗುವ ತೊಂದರೆ ಅಲ್ಲ ಇದು. ನನಗೆ ಇದರಲ್ಲಿ ಒಂದು ಸಮಾಧಾನ ಸಿಕ್ಕಿತು.

ನಮಗೆ ಗೊತ್ತಾದದ್ದು ಒಂದು ಭಾನುವಾರ. ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತಿದ್ದೆ. ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ನೀಲಿ ಕಲೆಗಳಿದ್ದವು. ಆಡುವ ಹುಡುಗರಿಗೆ ಅಲ್ಲಿ ಪೆಟ್ಟಾಗುವುದು ಸಹಜ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬೆನ್ನಿಗೆ ಎಣ್ಣೆ ಹಚ್ಚುವಾಗ ಅಲ್ಲೂ ಎರಡು ಕಂಡವು. ಪಕ್ಕೆಯಲ್ಲಿ ಒಂದು, ಹಳೆಯದಾಗಿ ಹಳದಿಗೆ ತಿರುಗಿತ್ತು. ಬೆನ್ನಿಗೂ ಪಕ್ಕೆಗೂ ಯಾರೂ ಗೊತ್ತಾಗದ ಹಾಗೆ ಪೆಟ್ಟು ಮಾಡಿಕೊಳ್ಳುವುದಿಲ್ಲ, ಅಲ್ವಾ? ಕಾಲಿನ ಹರಡಿನ ಹತ್ತಿರ ಸಾಸಿವೆ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆಗಳು. ಗಾಜಿನ ಲೋಟ ತಂದು ಅದರ ಮೇಲೆ ಒತ್ತಿ ನೋಡಿದೆ. ಸೊಳ್ಳೆ ಕಚ್ಚಿದ ಕೆಂಪಾದರೆ ಒತ್ತಿದಾಗ ಮಾಯವಾಗುತ್ತದೆ. ಇವು ಮಾಯವಾಗಲಿಲ್ಲ. ಚರ್ಮದ ಒಳಗೆ ರಕ್ತ ಜಿನುಗಿದೆ ಅಂತ ಅದರ ಅರ್ಥ. ಸಂಜೆಯೇ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ 94,000 ಇತ್ತು. ಶುರುವಿನ ರಿಪೋರ್ಟಿನಲ್ಲಿ 2.8 ಲಕ್ಷ ಇದ್ದದ್ದು.

ಡಾಕ್ಟರು ಗಾಬರಿ ಮಾಡಲಿಲ್ಲ. ಹಿಂದಿನ ತಿಂಗಳು ಏರಿಸಿದ್ದ ಡೋಸನ್ನು ಹಂತ ಹಂತವಾಗಿ ಇಳಿಸಿದರು. ಬೆಳಗಿನ ಡೋಸ್‌ಗೆ ಮುಂಚೆ ರಕ್ತ ತೆಗೆದು ಔಷಧಿಯ ಮಟ್ಟ ನೋಡಿದರು. ಮೂರು ವಾರದಲ್ಲಿ ಪ್ಲೇಟ್‌ಲೆಟ್ 1.6 ಲಕ್ಷಕ್ಕೆ ಬಂತು. ಇವತ್ತಿಗೂ ಅವನ ಸಂಖ್ಯೆ ಅಲ್ಲೇ ಆಸುಪಾಸಿನಲ್ಲಿ ಇರುತ್ತದೆ. ಅವನ ಮಟ್ಟಿಗೆ ಅದೇ ಸರಿ. ನಾವಾಗಿಯೇ ಸಿರಪ್ ನಿಲ್ಲಿಸಿಬಿಡಲಿಲ್ಲ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಒಮ್ಮೆಲೇ ನಿಲ್ಲಿಸಿದರೆ ನಿಲ್ಲದೇ ಬರುವ ಫಿಟ್ಸ್ ಆಗಬಹುದು. ಪ್ಲೇಟ್‌ಲೆಟ್ ಇಳಿಯುವುದಕ್ಕಿಂತ ಅದು ಎಷ್ಟೋ ಅಪಾಯ.

ವಾಲ್‌ಪ್ರೊಯೇಟ್ ಇನ್ನೊಂದು ಕೆಲಸ ಮಾಡುತ್ತದೆ. ಸಂಖ್ಯೆ ಸರಿಯಿದ್ದರೂ ಪ್ಲೇಟ್‌ಲೆಟ್ ತನ್ನ ಕೆಲಸ ಸರಿಯಾಗಿ ಮಾಡದೇ ಇರಬಹುದು, ರಕ್ತ ಹೆಪ್ಪುಗಟ್ಟಿಸುವ ಬೇರೆ ಅಂಶಗಳೂ ಕಡಿಮೆಯಾಗಬಹುದು. ಹಾಗಾಗಿ ಹಲ್ಲು ಕೀಳಿಸುವುದು, ಟಾನ್ಸಿಲ್, ಹರ್ನಿಯಾ ಅಂತ ಯಾವ ಸಣ್ಣ ಆಪರೇಷನ್ ಇದ್ದರೂ ‘ಇವನು ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಾನೆ’ ಅಂತ ನೀವೇ ಮುಂದಾಗಿ ಹೇಳಬೇಕು. ಹಲ್ಲಿನ ಡಾಕ್ಟರು ಕೇಳುವ ತನಕ ಕಾಯಬೇಡಿ.

ಇದರ ಲಿವರ್ ತೊಂದರೆ ರಕ್ತದ ವಿಷಯಕ್ಕಿಂತ ಹೊರಗಿನದು, ಆದರೂ ಆಯ್ಕೆ ಮಾಡುವಾಗ ಬಿಡಲಾಗದು. ಎರಡು ವರ್ಷಕ್ಕಿಂತ ಸಣ್ಣ ಮಕ್ಕಳಲ್ಲಿ, ಅದರಲ್ಲೂ ಎರಡು ಮೂರು ಫಿಟ್ಸ್ ಔಷಧಿ ಒಟ್ಟಿಗೆ ಇದ್ದಾಗ ಅಥವಾ ಹುಟ್ಟಿನಿಂದ ಚಯಾಪಚಯದ ಕಾಯಿಲೆ ಇದ್ದಾಗ ಅಪಾಯ ಜಾಸ್ತಿ. ಮೊದಲ ಆರು ತಿಂಗಳಲ್ಲಿ ಮಗು ಊಟ ಬಿಟ್ಟು, ಪದೇ ಪದೇ ವಾಂತಿ ಮಾಡಿ, ತೂಕಡಿಸುತ್ತಾ ಇದ್ದರೆ ಅಜೀರ್ಣ ಅಂತ ಓಮದ ನೀರು ಕುಡಿಸಿ ಕಾಯಬೇಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಡಾಕ್ಟರು ಬೇರೆ ದಾರಿ ಇದ್ದರೆ ಇದನ್ನು ತಪ್ಪಿಸಲು ನೋಡುತ್ತಾರೆ. ಮುಂದೆ ಬಸುರಿಯಾದಾಗ ಹೊಟ್ಟೆಯಲ್ಲಿರುವ ಮಗುವಿಗೆ ಇದು ಹಾನಿ ಮಾಡುತ್ತದೆ ಅನ್ನುವುದು ಕಾರಣ.

ಮುಂಬಯಿ ಮಳೆಗಾಲದ ಜ್ವರ

ಇದನ್ನು ಬೇರೆಯಾಗಿಯೇ ಬರೆಯಬೇಕು. ನಮ್ಮೂರಲ್ಲಿ ಜುಲೈಯಿಂದ ಅಕ್ಟೋಬರ್ ತನಕ ಡೆಂಗ್ಯೂ, ಮಲೇರಿಯಾ ಬಿಡುವುದಿಲ್ಲ. ಎರಡೂ ಪ್ಲೇಟ್‌ಲೆಟ್ ಇಳಿಸುತ್ತವೆ. ವಾಲ್‌ಪ್ರೊಯೇಟ್ ಮಗುವಿಗೆ ಜ್ವರ ಬಂದು ಪ್ಲೇಟ್‌ಲೆಟ್ 80,000 ಅಂತ ರಿಪೋರ್ಟ್ ಬಂದರೆ ಅದು ಸೊಳ್ಳೆಯದೋ ಔಷಧಿಯದೋ? ಅವನ ಎಂದಿನ ಸಂಖ್ಯೆ ಎಷ್ಟು ಅಂತ ಗೊತ್ತಿದ್ದರೆ ಮಾತ್ರ ಡಾಕ್ಟರು ಇದನ್ನು ಬಿಡಿಸಬಲ್ಲರು. ಅದಕ್ಕೇ ನಾನು ಪ್ರತಿ ಮೇ ತಿಂಗಳ ಕೊನೆಗೆ, ಮಳೆ ಶುರುವಾಗುವ ಮುಂಚೆ, ಡಾಕ್ಟರನ್ನು ಕೇಳಿ ಒಂದು ಸಿಬಿಸಿ ಮಾಡಿಸಿ ಇಡುತ್ತೇನೆ.

ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ಮಗನಿಗೆ ಜ್ವರ ಬಂತು. ಮಳೆಯಿಂದ ಟ್ರೇನ್ ನಿಂತಿತ್ತು, ಪರೇಲಿಗೆ ಹೋಗುವ ಮಾತೇ ಇಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅವರು ಬೇರೆ ಏನು ಔಷಧಿ ನಡೆಯುತ್ತಿದೆ ಅಂತ ಕೇಳದೇ ಜ್ವರಕ್ಕೆ ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಬರೆದರು. ಮನೆಗೆ ಬಂದು ಬಾಟಲಿಯ ಹಿಂದೆ ಓದಿದೆ. ನಮ್ಮ ಡಾಕ್ಟರು ಮೊದಲೇ ಎಚ್ಚರಿಸಿದ್ದರು: ಆಸ್ಪಿರಿನ್, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಮೂರೂ ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡ ಬರುತ್ತವೆ, ಡೆಂಗ್ಯೂ ಅನುಮಾನ ಇದ್ದಾಗ ಯಾವ ಮಗುವಿಗೂ ಬೇಡ, ವಾಲ್‌ಪ್ರೊಯೇಟ್ ಮಗುವಿಗಂತೂ ಬೇಡವೇ ಬೇಡ. ಬಾಟಲಿ ಪಕ್ಕಕ್ಕಿಟ್ಟು, ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟೆ. ಮಾರನೆಯ ದಿನದ ಪರೀಕ್ಷೆಯಲ್ಲಿ ಡೆಂಗ್ಯೂ ಪಾಸಿಟಿವ್ ಬಂತು. ಜ್ವರ ಇಳಿಯುವ ಹೊತ್ತಿಗೇ ಪ್ಲೇಟ್‌ಲೆಟ್ ತೀರಾ ಕೆಳಗೆ ಬರುತ್ತದೆ ಅನ್ನುವುದು ಡೆಂಗ್ಯೂವಿನ ರೀತಿ. ಐದನೇ ದಿನ 52,000ಕ್ಕೆ ಇಳಿದು, ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಬಂದೆವು. ಆ ಮೂರು ದಿನವೂ ಫಿಟ್ಸ್ ಔಷಧಿ ನಿಲ್ಲಿಸಲಿಲ್ಲ.

ಜ್ವರದ ಜೊತೆ ಬೇರೆ ಔಷಧಿ ಬರೆಯಿಸಿಕೊಳ್ಳುವಾಗಲೂ ಫಿಟ್ಸ್ ಔಷಧಿಯ ಹೆಸರು ಹೇಳಿ. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟರೆ ಕಾರ್ಬಮಜೆಪಿನ್ ಮಟ್ಟ ಏರಿ ಮಗುವಿಗೆ ತಲೆ ಸುತ್ತು, ಎರಡೆರಡಾಗಿ ಕಾಣುವುದು ಶುರುವಾಗುತ್ತದೆ. ಮೆರೊಪೆನೆಮ್ ಇಂಜೆಕ್ಷನ್ ಕೊಟ್ಟರೆ ವಾಲ್‌ಪ್ರೊಯೇಟ್ ಮಟ್ಟ ತೀರಾ ಕುಸಿದು ಫಿಟ್ಸ್ ಬರಬಹುದು. ಟಿಬಿಗೆ ಕೊಡುವ ರಿಫಾಂಪಿಸಿನ್ ಕೂಡ ಹಲವು ಫಿಟ್ಸ್ ಔಷಧಿಯ ಮಟ್ಟ ಇಳಿಸುತ್ತದೆ.

ಒಂದೇ ಮನೆತನದ ಐದು ಔಷಧಿ

ಫೆನಿಟಾಯಿನ್, ಫಿನೊಬಾರ್ಬಿಟಾಲ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಮೊಟ್ರಿಜಿನ್. ಅಂಗಡಿಯ ಹೆಸರು ಎಪ್ಟಾಯಿನ್, ಗಾರ್ಡಿನಾಲ್, ಟೆಗ್ರೆಟಾಲ್, ಆಕ್ಸೆಟಾಲ್, ಲ್ಯಾಮಿಟಾರ್ ಅಂತ ಇರಬಹುದು. ಇವುಗಳ ಅಣುವಿನ ರಚನೆಯಲ್ಲಿ ಒಂದು ಹೋಲಿಕೆ ಇದೆ. ಹಾಗಾಗಿ ಒಂದಕ್ಕೆ ದೇಹದ ರಕ್ಷಣಾ ವ್ಯವಸ್ಥೆ ಸಿಡಿದೆದ್ದರೆ ಇನ್ನೊಂದಕ್ಕೂ ಹಾಗೇ ಆಗುವ ಸಾಧ್ಯತೆ ಜಾಸ್ತಿ. ಉದಾಹರಣೆಗೆ ಕಾರ್ಬಮಜೆಪಿನ್‌ಗೆ ಅಲರ್ಜಿ ಆದವರಲ್ಲಿ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ಜನರಿಗೆ ಆಕ್ಸ್‌ಕಾರ್ಬಜೆಪಿನ್‌ಗೂ ಆಗಬಹುದು.

ಇಲ್ಲಿ ಭಯ ಪಡಬೇಕಾದದ್ದು ಎರಡು. ಒಂದು, ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್. ಬಾಯಿ, ತುಟಿ, ಕಣ್ಣು, ಮೂತ್ರದ ಜಾಗದಲ್ಲಿ ಹುಣ್ಣಾಗಿ, ಚರ್ಮ ಬೊಬ್ಬೆ ಎದ್ದು ಸುಲಿಯುತ್ತದೆ. ಇನ್ನೊಂದು, ಡ್ರೆಸ್ ಎಂದು ಕರೆಯುವ ಅಲರ್ಜಿ. ಮೊದಲು ಜ್ವರ, ಆಮೇಲೆ ದದ್ದು, ಮುಖ ಊದಿಕೊಳ್ಳುವುದು, ಕುತ್ತಿಗೆಯಲ್ಲಿ ಗಂಟು. ಸಿಬಿಸಿಯಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಏರಿರುತ್ತದೆ, ಲಿವರ್ ಪರೀಕ್ಷೆಯಲ್ಲಿ ಏರುಪೇರು. ಇದು ಸಾಮಾನ್ಯವಾಗಿ ಎರಡನೇ ವಾರದಿಂದ ಎಂಟನೇ ವಾರದ ಒಳಗೆ ಬರುತ್ತದೆ. ಔಷಧಿ ಶುರು ಮಾಡಿ ಒಂದು ತಿಂಗಳಾಗಿರುವಾಗ ದಡಾರ ಇರಬೇಕು, ಅಮ್ಮ ಇರಬೇಕು ಅಂತ ಬೇವಿನ ಸೊಪ್ಪು ಕಟ್ಟಿ ಮನೆಯಲ್ಲೇ ಉಳಿದುಬಿಡುವುದು ನಮ್ಮಲ್ಲಿ ಆಗುವ ತಪ್ಪು.

ಕ್ಯಾಲೆಂಡರಿನಲ್ಲಿ ಎಂಟು ವಾರ ಗುರುತು ಹಾಕಿ. ಅಷ್ಟು ದಿನ ಸ್ನಾನದ ಹೊತ್ತಿಗೆ ಮೈ ಪೂರ್ತಿ ನೋಡಿ, ವಾರಕ್ಕೆರಡು ಸಲ ಟಾರ್ಚ್ ಹಿಡಿದು ತುಟಿಯ ಒಳಗೆ, ಕೆನ್ನೆಯ ಒಳಗೆ ನೋಡಿ. ಯಾವುದೇ ದದ್ದು ಕಂಡರೂ ಅವತ್ತೇ, ಮುಂದಿನ ಡೋಸ್‌ಗೆ ಮುಂಚೆ, ಡಾಕ್ಟರಿಗೆ ತೋರಿಸಿ. ನಿಲ್ಲಿಸಬೇಕಾದರೆ ಅದರ ಬದಲು ಏನು ಕೊಡಬೇಕು ಅಂತಲೂ ಅವರೇ ಹೇಳುತ್ತಾರೆ. ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಬೊಬ್ಬೆ, ಮುಖದ ಊತ ಇದ್ದರೆ ಓಪಿಡಿ ದಿನ ನೋಡದೆ ನೇರ ಕ್ಯಾಶುಯಲ್ಟಿಗೆ ಹೋಗಿ.

ಈಗ ಐದರ ನಡುವಿನ ವ್ಯತ್ಯಾಸ.

ಕಾರ್ಬಮಜೆಪಿನ್ ಶುರು ಮಾಡಿದ ಸುಮಾರು ಹತ್ತರಲ್ಲಿ ಒಬ್ಬರಿಗೆ ಬಿಳಿ ರಕ್ತಕಣ ಸ್ವಲ್ಪ ಇಳಿಯುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿ ಸರಿಯಾಗುತ್ತದೆ. ಮೊಬೈಲಿನಲ್ಲಿ ಓದಿ ಎಲ್ಲರೂ ಹೆದರುವುದು ಅಸ್ಥಿಮಜ್ಜೆಯೇ ಕೆಲಸ ನಿಲ್ಲಿಸುವ ಏಪ್ಲಾಸ್ಟಿಕ್ ಅನೀಮಿಯಾಕ್ಕೆ. ಈ ಔಷಧಿ ಆ ಅಪಾಯವನ್ನು ಐದರಿಂದ ಎಂಟು ಪಟ್ಟು ಏರಿಸುತ್ತದೆ ಅನ್ನುವುದು ನಿಜ. ಆದರೆ ಔಷಧಿ ಇಲ್ಲದವರಲ್ಲಿ ಅದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಸುಮಾರು ಇಬ್ಬರಿಗೆ ಬರುವ ಕಾಯಿಲೆ. ಎಂಟು ಪಟ್ಟು ಆದರೂ ಹತ್ತು ಲಕ್ಷದಲ್ಲಿ ಹದಿನಾರು. ಪಟ್ಟು ಅನ್ನುವ ಮಾತು ಕೇಳಿ ಕಂಗೆಡುವ ಮುಂಚೆ ಮೂಲ ಸಂಖ್ಯೆ ಎಷ್ಟು ಅಂತ ಕೇಳಿ.

ಚರ್ಮದ ವಿಷಯದಲ್ಲಿ ಕಾರ್ಬಮಜೆಪಿನ್‌ಗೆ ಮುಂಚೆಯೇ ಮಾಡಿಸಬಹುದಾದ ಒಂದು ಪರೀಕ್ಷೆ ಇದೆ. ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ಇರುವವರಿಗೆ ಸ್ಟೀವನ್ಸ್–ಜಾನ್ಸನ್ ಅಪಾಯ ಬಹಳ ಜಾಸ್ತಿ ಎಂದು 2004ರಲ್ಲಿ ತೈವಾನಿನ ಸಂಶೋಧಕರು ತೋರಿಸಿದರು. 2007ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಏಷ್ಯಾ ಮೂಲದವರಲ್ಲಿ ಔಷಧಿ ಶುರು ಮಾಡುವ ಮುಂಚೆ ಈ ಪರೀಕ್ಷೆ ಮಾಡಿಸಲು ಸೂಚಿಸಿತು. ಭಾರತೀಯರೂ ಸೇರಿದಂತೆ ದಕ್ಷಿಣ ಏಷ್ಯಾದವರಲ್ಲಿ ಈ ಜೀನ್ ಸರಾಸರಿ 2ರಿಂದ 4 ಶೇಕಡಾ ಜನರಲ್ಲಿ ಇರುತ್ತದೆ, ಕೆಲವು ಗುಂಪುಗಳಲ್ಲಿ ಇನ್ನೂ ಜಾಸ್ತಿ. ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು, ಜೀನ್ ಬದಲಾಗುವುದಿಲ್ಲ. ಹಣ ಖರ್ಚಾಗುತ್ತದೆ, ನಿಜ. ಆದರೂ ಕೈಯಲ್ಲಿ ಸಮಯ ಇದ್ದರೆ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ ಎಂದೇ ನಾನು ಹೇಳುತ್ತೇನೆ. ಒಂದು ಎಚ್ಚರಿಕೆ: ನೆಗೆಟಿವ್ ಬಂದರೂ ದದ್ದು ಬರಲಾರದು ಅಂತ ಅಲ್ಲ. ಎಂಟು ವಾರದ ಕಾವಲು ಆಗಲೂ ಬೇಕು.

ಆಕ್ಸ್‌ಕಾರ್ಬಜೆಪಿನ್‌ನಲ್ಲಿ ಬಿಳಿ ರಕ್ತಕಣದ ತೊಂದರೆ ಕಡಿಮೆ. ಅದರ ಬದಲು ರಕ್ತದ ಸೋಡಿಯಂ ಇಳಿಯುವುದು ಜಾಸ್ತಿ. ಮಗು ಮಂಕಾಗಿ, ತಲೆನೋವು ಅನ್ನುತ್ತಾ, ವಾಂತಿ ಮಾಡುತ್ತಿದ್ದರೆ ಸೋಡಿಯಂ ನೋಡಿಸಿ.

ಲ್ಯಾಮೊಟ್ರಿಜಿನ್ ತಲೆಗೆ ಹಗುರ. ಮಗು ಮಂಕಾಗುವುದಿಲ್ಲ, ಓದಿಗೆ ಅಡ್ಡಿ ಕಡಿಮೆ. ಆದರೆ ಶುರು ಮಾಡುವಾಗ ಇದರಷ್ಟು ತಾಳ್ಮೆ ಬೇಡುವ ಔಷಧಿ ಇನ್ನೊಂದಿಲ್ಲ. ಗಂಭೀರ ದದ್ದು ಮಕ್ಕಳಲ್ಲಿ ಸಾವಿರಕ್ಕೆ 3ರಿಂದ 8, ದೊಡ್ಡವರಿಗಿಂತ ಜಾಸ್ತಿ. ಬೇಗ ಬೇಗ ಡೋಸ್ ಏರಿಸಿದರೆ ಅಪಾಯ ಏರುತ್ತದೆ. ಮಗು ಆಗಲೇ ವಾಲ್‌ಪ್ರೊಯೇಟ್ ಮೇಲೆ ಇದ್ದರೆ ಲ್ಯಾಮೊಟ್ರಿಜಿನ್ ರಕ್ತದಲ್ಲಿ ಸುಮಾರು ಎರಡು ಪಟ್ಟು ಉಳಿಯುತ್ತದೆ, ಆದ್ದರಿಂದ ಇನ್ನೂ ಸಣ್ಣ ಡೋಸ್‌ನಿಂದ ಶುರು ಮಾಡುತ್ತಾರೆ. ‘ಎರಡು ತಿಂಗಳಾಯ್ತು, ಇನ್ನೂ ಚೂರು ಮಾತ್ರೆಯೇ ಕೊಡ್ತಿದ್ದಾರೆ’ ಅಂತ ಡಾಕ್ಟರ ಮೇಲೆ ಬೇಸರಪಡಬೇಡಿ. ಆ ನಿಧಾನವೇ ಮಗುವಿನ ಚರ್ಮ ಕಾಯುತ್ತಿರುತ್ತದೆ. ರಜೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗಿ ಮಾತ್ರೆ ಮನೆಯಲ್ಲೇ ಮರೆತಿದ್ದರೆ, ಐದಾರು ದಿನ ತಪ್ಪಿದ ಮೇಲೆ ಹಳೇ ಡೋಸ್ ಒಮ್ಮೆಲೇ ಶುರು ಮಾಡಬಾರದು. ಫೋನ್ ಮಾಡಿ ಕೇಳಿ, ಮತ್ತೆ ಕೆಳಗಿನಿಂದ ಏರಿಸಬೇಕಾಗಬಹುದು. 2018ರಲ್ಲಿ ಎಫ್‌ಡಿಎ ಇನ್ನೊಂದು ಎಚ್ಚರಿಕೆ ಕೊಟ್ಟಿತು. ರಕ್ಷಣಾ ಕಣಗಳು ಹದ್ದುಮೀರಿ ಕೆರಳುವ ಎಚ್‌ಎಲ್‌ಎಚ್ ಎಂಬ ಕಾಯಿಲೆ, ಶುರುವಿನ ಮೊದಲ ನಾಲ್ಕು ವಾರದಲ್ಲಿ. 24 ವರ್ಷದಲ್ಲಿ ಅವರಿಗೆ ಸಿಕ್ಕ ಪ್ರಕರಣ 8 ಮಾತ್ರ, ಅಂದರೆ ತುಂಬಾ ಅಪರೂಪ. ಬಿಡದ ಜ್ವರ ಇದ್ದು, ದದ್ದು ಬಂದು, ಎಲ್ಲ ರಕ್ತಕಣವೂ ಇಳಿಯುತ್ತಿದ್ದರೆ ಡಾಕ್ಟರಿಗೆ ಈ ಹೆಸರು ನೆನಪಾಗಲಿ.

ಫೆನಿಟಾಯಿನ್ 1938ರಿಂದ ಇದೆ, ಫಿನೊಬಾರ್ಬಿಟಾಲ್ 1912ರಿಂದ. ಎರಡೂ ಅಗ್ಗ, ಎರಡೂ ತುರ್ತಿಗೆ ಕೈ ಹಿಡಿಯುತ್ತವೆ. ವರ್ಷಗಟ್ಟಲೆ ಕೊಡಲು ಮಕ್ಕಳಿಗೆ ಈಗ ಇವು ಮೊದಲ ಆಯ್ಕೆ ಆಗುವುದು ಕಡಿಮೆ. ಫೆನಿಟಾಯಿನ್ ವಸಡು ದಪ್ಪ ಮಾಡುತ್ತದೆ, ಫೋಲಿಕ್ ಆಸಿಡ್ ಕಡಿಮೆ ಮಾಡಿ ಕೆಂಪು ಕಣಗಳನ್ನು ದೊಡ್ಡದಾಗಿಸುತ್ತದೆ. ರಕ್ತ ಕಡಿಮೆಯಾಗಿದೆ ಅಂತ ನಾವೇ ಫೋಲಿಕ್ ಆಸಿಡ್ ಟಾನಿಕ್ ಕುಡಿಸಿದರೆ ಫೆನಿಟಾಯಿನ್ ಮಟ್ಟ ಇಳಿದು ಫಿಟ್ಸ್ ಬರಬಹುದು. ಕೇಳಿಯೇ ಕೊಡಬೇಕು. ಇದರಲ್ಲಿ ಐಜಿಎ ಎಂಬ ರಕ್ಷಣಾ ಪ್ರೋಟೀನ್ ಕೂಡ ಇಳಿಯಬಹುದು. ಮಗುವಿಗೆ ಮತ್ತೆ ಮತ್ತೆ ನ್ಯುಮೋನಿಯಾ, ಕಿವಿ ಸೋರುವುದು ಆಗುತ್ತಿದ್ದರೆ ಆ ಪರೀಕ್ಷೆಯ ಮಾತೆತ್ತಿ. ಬರೀ ನೆಗಡಿಗೆ ಬೇಡ.

ಲೆವೆಟಿರಾಸೆಟಮ್ ಮತ್ತು ಉಳಿದವು

ರಕ್ತದ ದೃಷ್ಟಿಯಿಂದ ಮಾತ್ರ ನೋಡಿದರೆ ಲೆವೆಟಿರಾಸೆಟಮ್ ಎಲ್ಲಕ್ಕಿಂತ ನಿರಾಳ. ಲೆವಿಪಿಲ್ ಅಂತ ಅಂಗಡಿಯಲ್ಲಿ ಕೇಳಿರುತ್ತೀರಿ. ಬಿಳಿ ರಕ್ತಕಣ ಅಪರೂಪಕ್ಕೆ ಸ್ವಲ್ಪ ಇಳಿಯಬಹುದು. ಬೇರೆ ಔಷಧಿಗಳ ಜೊತೆ ಜಗಳ ಕಡಿಮೆ. ಪೂರ್ತಿ ನಿಶ್ಚಿಂತೆ ಅಂತಲ್ಲ. 2023ರ ನವೆಂಬರಿನಲ್ಲಿ ಎಫ್‌ಡಿಎ ಇದಕ್ಕೂ ಕ್ಲೋಬಜಾಮ್ ಎಂಬ ಇನ್ನೊಂದು ಫಿಟ್ಸ್ ಔಷಧಿಗೂ ಡ್ರೆಸ್ ಅಲರ್ಜಿಯ ಎಚ್ಚರಿಕೆ ಸೇರಿಸಿತು. ಅಪರೂಪವೇ, ಆದರೆ ಎಂಟು ವಾರದ ಕಾವಲು ಇಲ್ಲೂ ಇರಲಿ. ಇದರ ನಿಜವಾದ ಬೆಲೆ ಬೇರೆ ಕಡೆ ಕಟ್ಟಬೇಕಾಗುತ್ತದೆ: ಕೆಲವು ಮಕ್ಕಳು ಸಿಡುಕುತ್ತಾರೆ, ಹೊಡೆಯುತ್ತಾರೆ, ಕಾರಣವಿಲ್ಲದೆ ಅಳುತ್ತಾರೆ. ಒಂದು ಕೋಣೆಯ ಮನೆಯಲ್ಲಿ, ಶಾಲೆಯಿಂದ ದಿನಾ ದೂರು ಬರುವಾಗ, ಅದು ಸಣ್ಣ ಬೆಲೆಯಲ್ಲ. ಮಗು ಮೊದಲೇ ಚುರುಕು, ಹಠದ ಸ್ವಭಾವದವನಾಗಿದ್ದರೆ ಡಾಕ್ಟರಿಗೆ ಮುಚ್ಚಿಡದೇ ಹೇಳಿ.

ಟೊಪಿರಾಮೇಟ್ ರಕ್ತಕಣಗಳ ತಂಟೆಗೆ ಹೋಗುವುದು ಕಡಿಮೆ. ಬೆವರು ಮಾತ್ರ ಕಡಿಮೆ ಮಾಡುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಸೋಂಕಿಲ್ಲದೆಯೇ ಮೈ ಕಾದು ಜ್ವರದ ಹಾಗೆ ಕಾಣಬಹುದು. ಅಂಥ ಮಗುವಿನ ಚರ್ಮ ಒಣಗಿರುತ್ತದೆ, ಮುಟ್ಟಿ ನೋಡಿ.

ಒಂದು ವರ್ಷದೊಳಗಿನ ಕೂಸಿಗೆ ಬರುವ ಸ್ಪ್ಯಾಸಂ, ಅಂದರೆ ವೆಸ್ಟ್ ಸಿಂಡ್ರೋಮ್, ಬೇರೆಯೇ ಲೆಕ್ಕ. ಅಲ್ಲಿ ಎಸಿಟಿಎಚ್ ಎಂಬ ಹಾರ್ಮೋನ್ ಇಂಜೆಕ್ಷನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಒಂದು ದಾರಿ, ವಿಗಾಬಾಟ್ರಿನ್ ಇನ್ನೊಂದು. ಮೊದಲನೆಯದು ರೋಗ ತಡೆಯುವ ಶಕ್ತಿಯನ್ನೇ ಕೆಲವು ವಾರ ಕುಗ್ಗಿಸುತ್ತದೆ. ಎರಡನೆಯದು ಆ ತಂಟೆಗೆ ಹೋಗುವುದಿಲ್ಲ, ಆದರೆ ಕಣ್ಣಿನ ದೃಷ್ಟಿಯ ಅಂಚು ಕಡಿಮೆ ಮಾಡಬಹುದು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವ ಕೂಸಿಗೆ ವಿಗಾಬಾಟ್ರಿನ್ ಚೆನ್ನಾಗಿ ಒಗ್ಗುತ್ತದೆ. ಸ್ಟೆರಾಯ್ಡ್ ದಾರಿ ಹಿಡಿದರೆ ಮನೆಯಲ್ಲಿ, ಚಾಳಿನಲ್ಲಿ ಯಾರಿಗಾದರೂ ಟಿಬಿ ಅಥವಾ ಕೆಮ್ಮು ಇದೆಯಾ ಅಂತ ಮೊದಲು ಹೇಳಿಬಿಡಿ. ದಡಾರ, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆಗಳನ್ನು ಸ್ಟೆರಾಯ್ಡ್ ನಡೆಯುವಾಗ ಕೊಡುವುದಿಲ್ಲ, ದೊಡ್ಡ ಡೋಸ್ ಮುಗಿದ ಮೇಲೂ ಸುಮಾರು ಒಂದು ತಿಂಗಳು ಕಾಯುತ್ತಾರೆ. ಜ್ವರ ಬಂದರೆ ಆ ಕೂಸನ್ನು ಅವತ್ತೇ ತೋರಿಸಬೇಕು. ಉಳಿದ ಮಾಮೂಲಿ ಫಿಟ್ಸ್ ಔಷಧಿ ತೆಗೆದುಕೊಳ್ಳುವ ಮಕ್ಕಳಿಗೆ ಔಷಧಿಯ ಕಾರಣಕ್ಕೆ ಲಸಿಕೆ ನಿಲ್ಲಿಸಬೇಕಾಗಿಲ್ಲ.

ಎಷ್ಟು ಸಲ ರಕ್ತ ತೆಗೆಸಬೇಕು? ಕೆಲವರು ಪ್ರತಿ ತಿಂಗಳು ಮಾಡಿಸುತ್ತಾರೆ. ನನ್ನ ಅನಿಸಿಕೆಯಲ್ಲಿ ಅಷ್ಟು ಬೇಡ. ಮಗು ಸೂಜಿಗೆ ಹೆದರಿ ಆಸ್ಪತ್ರೆ ಅಂದರೆ ಕಿರುಚುವ ಹಾಗಾಗುತ್ತದೆ. ಗಂಭೀರ ತೊಂದರೆಗಳು ಎರಡು ಪರೀಕ್ಷೆಗಳ ನಡುವೆ ಬಂದು ಮೊದಲು ಮೈಮೇಲೆ ಕಾಣುವುದೇ ಹೆಚ್ಚು. ಶುರುವಿಗೆ ಮುಂಚೆ ಒಂದು, ಡೋಸ್ ಏರಿದ ಮೇಲೆ ಡಾಕ್ಟರು ಹೇಳಿದಾಗ ಒಂದು, ಆಪರೇಷನ್ ಮುಂಚೆ, ಮತ್ತು ಏನಾದರೂ ಕಂಡಾಗ ತಡಮಾಡದೆ.

ವಾಶಿಯ ಆ ತಾಯಿಗೆ ಬರೆದುಕೊಟ್ಟಿದ್ದ ಮೂರು ಹೆಸರು ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್. ನಾನು ಒಂದು ಪ್ರಶ್ನೆ ಕೇಳಿದೆ: ‘ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಔಷಧಿಯಿಂದ ಮೈಮೇಲೆ ದದ್ದು ಬಂದಿತ್ತಾ?’ ಹತ್ತಿರದ ರಕ್ತಸಂಬಂಧಿಗೆ ಆಗಿದ್ದರೆ ಮಗುವಿಗೂ ಅಪಾಯ ಜಾಸ್ತಿ. ಇಲ್ಲ ಅಂದರು. ಆಮೇಲೆ ಊರಿಗೆ ಫೋನ್ ಮಾಡಿ ಅತ್ತೆಯನ್ನು ಕೇಳಿದರಂತೆ. ಗಂಡನಿಗೆ ಕಾಲೇಜಿನಲ್ಲಿದ್ದಾಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು, ಎಪ್ಟಾಯಿನ್, ಅಂದರೆ ಫೆನಿಟಾಯಿನ್ ಕೊಟ್ಟಿದ್ದರು, ಮೂರನೇ ವಾರದಲ್ಲಿ ಜ್ವರ ಬಂದು ಮೈಯೆಲ್ಲ ಕೆಂಪಾಗಿ ಮುಖ ಊದಿತ್ತು. ಗಂಡ ಅದನ್ನು ಪೂರ್ತಿ ಮರೆತಿದ್ದರು.

ಅದನ್ನು ಕೇಳಿದ ಡಾಕ್ಟರು ಅದೇ ಮನೆತನದ ಮೊದಲ ಎರಡು ಹೆಸರಿಗೆ ಗೆರೆ ಎಳೆದರು. ಸಿಬಿಸಿ ಮಾಡಿಸಿ ಲೆವೆಟಿರಾಸೆಟಮ್ ಶುರು ಮಾಡಿದ್ದಾರೆ. ಮೊನ್ನೆ ಮತ್ತೆ ಫೋನ್ ಬಂತು. ಮೂರು ವಾರವಾಗಿದೆ, ಫಿಟ್ಸ್ ಬಂದಿಲ್ಲ, ದದ್ದೂ ಇಲ್ಲ, ಸಂಜೆ ಹೊತ್ತು ಹುಡುಗ ಸ್ವಲ್ಪ ಸಿಡುಕುತ್ತಾನೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡಿದ ಅಂತ ಕ್ಯಾಲೆಂಡರಿನ ಆಯಾ ಚೌಕದಲ್ಲಿ ಬರೆದಿಡಲು ಹೇಳಿದ್ದೇನೆ. ಎಂಟನೇ ವಾರಕ್ಕೆ ಅವರ ಓಪಿಡಿ ಇದೆ, ಆ ಹಾಳೆ ಹಿಡಿದುಕೊಂಡೇ ಹೋಗುತ್ತಾರೆ.